ಯಮನಿಗೊಂದು ಬಾಗಿಲು

ಅಮೆರಿಕದ ಲೈಲ್ ಅನ್ನೋ ಊರಿನಲ್ಲಿ ಮನೆಗಳ ಪ್ಲಾನ್ ಬರೆಯೋದು ನನ್ನ ಕೆಲಸ. ಪರಿಚಯದ ಮೂರ್ತಿ ಅಂಕಲ್ ಇಟಲಿ ಟೂರ್ ಮುಗಿಸಿ ಬಂದವರೇ, ವೆನೆಟೊದ ಹಳ್ಳಿಗಾಡಿನ ಹಳೇ ವಿಲ್ಲಾ ಒಂದರ ಫೋಟೊ ತೋರಿಸಿ, "ನಮ್ಮನೆ ಹಿಂಗೇ ಇರ್ಬೇಕು ಕಣಪ್ಪಾ" ಅಂದರು. ನಡುವೆ ಗುಮ್ಮಟ, ನಾಲ್ಕು ದಿಕ್ಕಿಗೂ ಒಂದೇ ಥರದ ಕಂಬಸಾಲು, ಒಂದೇ ಥರದ ಬಾಗಿಲು.

ನನ್ನ ಪ್ಲಾನ್ ನೋಡಿದ್ದೇ ಫೋನಿನಲ್ಲಿ ಕಂಪಾಸ್ ತೆಗೆದರು. "ದಕ್ಷಿಣಕ್ಕೆ ಬಾಗಿಲಾ? ಯಮನ ದಿಕ್ಕು! ಮುಚ್ಚಿಬಿಡು."

"ನಾಲ್ಕೂ ಕಡೆ ಒಂದೇ ಥರ ಇರೋದೇ ಈ ವಿಲ್ಲಾದ ಅಂದ, ಅಂಕಲ್."

"ಅಂದಾನೂ ಇರ್ಲಿ, ಯಮನೂ ಬರೋದು ಬೇಡ."

ಕೊನೆಗೆ ನಾನೇ ಒಂದು ಕಿತಾಪತಿ ಮಾಡಿದೆ. ದಕ್ಷಿಣಕ್ಕೂ ಮೆಟ್ಟಿಲು, ಬಾಗಿಲು, ಹಿತ್ತಾಳೆ ಹಿಡಿ ಎಲ್ಲಾ ಇಟ್ಟು, ಹಿಂದೆ ಗಟ್ಟಿ ಗೋಡೆ ಎಬ್ಬಿಸಿದೆ. "ಯಮ ಬಂದ್ರೂ ತಟ್ಟಿ ತಟ್ಟಿ ಸುಸ್ತಾಗಿ ವಾಪಸ್ ಹೋಗ್ತಾನೆ" ಅಂದೆ. ಅಂಕಲ್ ಬಿದ್ದು ಬಿದ್ದು ನಕ್ಕರು.

ಗೃಹಪ್ರವೇಶ ಫೆಬ್ರವರಿಯ ಹಿಮದಲ್ಲಿ. ಸ್ವೀಟ್ ಡಬ್ಬಿ ಹಿಡಿದು, ರಸ್ತೆಯಿಂದ ನೇರ ಕಂಡ ಮೆಟ್ಟಿಲು ಹತ್ತಿ, ನಡುಗುತ್ತಾ ಐದು ನಿಮಿಷ ಬಾಗಿಲು ತಟ್ಟಿದೆ. ಪಕ್ಕದ ಕಿಟಕಿ ತೆಗೆದು ಆಂಟಿ ಇಣುಕಿದರು.

"ಅದು ಯಮಂಗೆ ಕಣೋ! ನೀನು ಈ ಕಡೆಯಿಂದ ಬಾ."