ಮರೆಯಿಂದ ಹೊರಗೆ ಹೋಗುವ ಕೆಲಸ

ಮೊನ್ನೆ ಅಟ್ಟದಿಂದ ಫೆಲ್ಟಿನ ಸುರುಳಿ ಇಳಿಸಿದೆ. ಕಾಗದದ ಮಿಲ್ಲಿನಲ್ಲಿ ಹಸಿ ಕಾಗದದ ನೀರು ಹೀರಿ ಹೀರಿ ಸವೆದ ದಪ್ಪ ಬಟ್ಟೆ ಅದು. ಬಿಚ್ಚಿದೊಡನೆ ಕಾಕಾ ಅವರ ನಶ್ಯದ ವಾಸನೆ ಬಂತು. ಹಿಂದೆಯೇ ಒಂದು ಸೀನೂ ಬಂತು.

ಕಾಕಾ ನನಗೆ ಸಂಬಂಧಿಕರಲ್ಲ. ಮಿಲ್ಲಿನಲ್ಲಿ ನನ್ನ ಹಿಂದಿನ ಪಾಳಿಯವರು. ಮಧ್ಯಾಹ್ನ ಎರಡರ ಸೈರನ್ ಆಗಿ, ನಾನು ಹೋಗಿ ಪಕ್ಕದಲ್ಲಿ ನಿಂತ ಮೇಲೆಯೇ ಅವರು ಯಂತ್ರ ಬಿಟ್ಟು ಕದಲುತ್ತಿದ್ದರು. ನಿವೃತ್ತರಾದ ಮೇಲೆ ಒಂದು ಕ್ಯಾಮೆರಾ ಕೊಂಡು, ಹೊಳೆದಂಡೆಯ ಕೋಗಿಲಬನದ ಹತ್ತಿರ ಮಂಗಟ್ಟೆ ಹಕ್ಕಿಯ ಗೂಡಿನೆದುರು ಅಡಗಿ ಕೂರಲು ಈ ಫೆಲ್ಟಿನಿಂದಲೇ ಮರೆ ಕಟ್ಟಿದರು. ಹೆಣ್ಣು ಮಂಗಟ್ಟೆ ಮರದ ಪೊಟರೆಯೊಳಗೆ ಕೂತು, ಬಾಗಿಲು ಮೆತ್ತಿಕೊಂಡು, ಒಂದು ಸೀಳು ಮಾತ್ರ ಉಳಿಸಿಕೊಳ್ಳುತ್ತದೆ. ಗಂಡು ಆ ಸೀಳಿನಲ್ಲಿ ಹಣ್ಣು ಕೊಡುತ್ತದೆ. ಹಾಗೆ ಕೊಡುವಾಗಿನ ಒಂದೇ ಒಂದು ಫೋಟೋ ಕಾಕಾಗೆ ಬೇಕಿತ್ತು. ಅದಕ್ಕಾಗಿ ಮೂರು ಬೇಸಿಗೆ ಕಾದರು.

ಪಕ್ಷಿಶಾಸ್ತ್ರಕ್ಕೆ ನಾನು ಸಲ್ಲಿಸಿದ ಸೇವೆಯನ್ನು ಇಲ್ಲಿ ದಾಖಲಿಸುವುದು ನನ್ನ ಕರ್ತವ್ಯ. ರಜೆಯ ದಿನ ನಾನು ಕಾಕಾ ಜೊತೆ ಮರೆಯೊಳಗೆ ಹೋಗುತ್ತಿದ್ದೆ. ಸ್ವಲ್ಪ ಹೊತ್ತಿಗೆ ಕೆಮ್ಮುತ್ತ ಹೊರಗೆ ಬರುತ್ತಿದ್ದೆ. ಅಷ್ಟೇ. ಇಬ್ಬರು ಹೋಗಿ ಒಬ್ಬ ಬಂದದ್ದು ಹಕ್ಕಿಗೆ ತಿಳಿಯುವುದಿಲ್ಲ. ಮರೆ ಖಾಲಿಯಾಯಿತೆಂದು ನಂಬುತ್ತದೆ.

"ಕಳ್ಳನಂಗ ಹೋಗಬ್ಯಾಡೋ. ಸಿಟ್ಟಾದ ಅಳ್ಯಾ ಹೊಂಟಂಗ ಸಪ್ಪಳಾ ಮಾಡ್ಕೋತ ಹೋಗು" ಎನ್ನುತ್ತಿದ್ದರು.

ಮೂರನೆಯ ಬೇಸಿಗೆಯ ಒಂದು ದಿನ ಹಾಗೇ ಸಿಟ್ಟಾದ ಅಳಿಯನಾಗಿ ಹೊರಬಂದು ದೂರದ ಮರದಡಿ ಒರಗಿದ್ದೆ. ಹೊಳೆಗುಂಟ ಮಿಲ್ಲಿನ ಎರಡರ ಸೈರನ್ ಕೇಳಿಬಂತು. ಕಾಲುಗಳು ನನ್ನನ್ನು ಕೇಳಲಿಲ್ಲ. ಎದ್ದು, ಅಂಗಿ ಜಾಡಿಸಿ, ನೆಟ್ಟಗೆ ಹೋಗಿ ಮರೆಯ ಫೆಲ್ಟ್ ಎತ್ತಿ ಕಾಕಾ ಪಕ್ಕದಲ್ಲಿ ನಿಂತೆ. ಆಗಷ್ಟೇ ಪೊಟರೆಗೆ ಬಂದಿದ್ದ ಗಂಡು ರೆಕ್ಕೆ ಬಡಿದು ಆಚೆ ದಂಡೆಗೆ ಹಾರಿತು.

"ಏನೋ ಇದು?"

"ಸೈರನ್ ಆತಲ್ರೀ, ಕಾಕಾ..."

"ಹೌದಪಾ. ಪಾಳಿ ತಪ್ಪಿಸಲಿಲ್ಲ ನೀ."

ಸಂಜೆಯವರೆಗೆ ಕಾಯೋಣವೆಂದೆ. ಆಚೆ ದಂಡೆಯಿಂದ ಗಂಡು ನಮ್ಮನ್ನೇ ನೋಡುತ್ತಿತ್ತು. ಕಾಕಾ ಕ್ಯಾಮೆರಾ ಚೀಲಕ್ಕೆ ಹಾಕಿದರು.

"ಒಳಗ ಬಾಣಂತಿ ಕುಂತಾಳ. ಅಕಿ ಊಟಾ ತಪ್ಪಿಸಿ ನನಗ ಫೋಟೋ ಬ್ಯಾಡ. ಮರೆ ಬಿಚ್ಚು, ಹೋಗೂಣು."

ಬೆಳಕು ಇನ್ನೂ ಚೆನ್ನಾಗಿತ್ತು. ನಾನು ತಪ್ಪಾಯಿತೆನ್ನಲಿಲ್ಲ; ಮಿಲ್ಲಿನಲ್ಲಿ ನಮಗೆ ಆ ರೂಢಿ ಇರಲಿಲ್ಲ. ಮುಂದಿನ ಬೇಸಿಗೆಗೆ ಅಂದೆ. ಹೂಂ ಅಂದರು. ಮುಂದಿನ ಬೇಸಿಗೆಗೆ ಮಂಗಟ್ಟೆ ಬಂತು. ಕಾಕಾ ಚಳಿಗಾಲದಲ್ಲೇ... ಅವರ ಹೆಂಡತಿ ಕಾಕು, ಕ್ಯಾಮೆರಾ, ಫೆಲ್ಟು ಎರಡನ್ನೂ ನನ್ನ ಮನೆಗೆ ಕಳಿಸಿದರು.

ಈಗ ನನಗೂ ನಿವೃತ್ತಿಯಾಗಿದೆ. ನಿನ್ನೆ ಅದೇ ಮರದೆದುರು ಮರೆ ಕಟ್ಟಿ, ಕ್ಯಾಮೆರಾ ಹೂಡಿ ಕೂತೆ. ಗಂಡು ದೂರದ ಕೊಂಬೆಯಲ್ಲಿ ಕೂತು ಮರೆಯನ್ನೇ ನೋಡಿತು; ಹತ್ತಿರ ಬರಲಿಲ್ಲ. ಅದರ ತಪ್ಪೇನಿಲ್ಲ. ಒಬ್ಬ ಒಳಗೆ ಹೋದದ್ದನ್ನು ಕಂಡಿತ್ತು, ಹೊರಗೆ ಬಂದವರನ್ನು ಕಂಡಿರಲಿಲ್ಲ.

ಬಹಳ ಹೊತ್ತಿನ ಮೇಲೆ ಎದ್ದು, ಕೆಮ್ಮುತ್ತ, ಸಪ್ಪಳ ಮಾಡುತ್ತ ಹೊರಗೆ ಬಂದೆ. ಆ ದೂರದ ಮರದಡಿ ನಿಂತು ತಿರುಗಿ ನೋಡಿದರೆ, ಗಂಡು ಪೊಟರೆಗೆ ಬಂದು ಒಂದೊಂದಾಗಿ ಹಣ್ಣು ಕೊಡುತ್ತಿತ್ತು. ಮರೆಯೊಳಗೆ ಯಾರೂ ಇರಲಿಲ್ಲ.