ನಾವಿಬ್ಬರು ಸೇರಿ ಆರಿಸಿದ ಸಾಫ್ಟ್‌ವೇರ್

ಸಿಂಧನೂರಿನಲ್ಲಿ ಅಕ್ಕಿ ಗಿರಣಿಗಳಿಗೆ ವಿದ್ಯುತ್ ಪ್ಯಾನೆಲ್ ಮಾಡಿಕೊಡುವ ಸಣ್ಣ ವರ್ಕ್‌ಶಾಪೊಂದರಲ್ಲಿ ನಾನು ನಕ್ಷೆ ಬಿಡಿಸುವ ಕೆಲಸ ಮಾಡುತ್ತೇನೆ. ಯಾವ ಗುಂಡಿ ಒತ್ತಿದರೆ ಯಾವ ಮೋಟಾರ್ ಓಡಬೇಕು, ಯಾವ ವೈರ್ ಎಲ್ಲಿಂದ ಹೊರಟು ಎಲ್ಲಿ ಸೇರಬೇಕು ಎಂಬುದೆಲ್ಲ ಮೊದಲು ನನ್ನ ಕಂಪ್ಯೂಟರಿನಲ್ಲಿ ಗೆರೆಗಳಾಗಿ ಮೂಡುತ್ತದೆ. ಆಮೇಲೆ ಕೆಳಗಿನ ವೈರ್‌ಮನ್‌ಗಳು ಅದನ್ನು ನೋಡಿಕೊಂಡು ತಗಡಿನ ಪೆಟ್ಟಿಗೆಯೊಳಗೆ ಜೋಡಿಸುತ್ತಾರೆ. ಮಹಡಿಯ ಆ ಕೋಣೆಯಲ್ಲಿ ಈಗ ನಾನೊಬ್ಬಳೇ. ಮೊದಲು ಇಬ್ಬರಿದ್ದೆವು.

ನನ್ನ ಊರು ಲಿಂಗಸುಗೂರು, ಜೊತೆಗಿದ್ದ ಗೆಳತಿಯದು ಮಸ್ಕಿ. ಇಬ್ಬರೂ ಡಿಪ್ಲೊಮಾ ಓದಿದವರು. ಪರಿಚಯವಾದದ್ದು ಮಾತ್ರ ಕೆಲಸಕ್ಕೆ ಸೇರಿದ ಮೇಲೆ. ನಾನು ಹತ್ತಿದ ಬಸ್ಸಿಗೇ ಅವಳು ಮಸ್ಕಿಯಲ್ಲಿ ಹತ್ತುತ್ತಿದ್ದಳು. ಅಲ್ಲಿಯವರೆಗೆ ಪಕ್ಕದ ಸೀಟಿನ ಮೇಲೆ ಬ್ಯಾಗ್ ಇಟ್ಟು, ನಿಂತವರ ಕಣ್ಣು ತಪ್ಪಿಸಿ ಕಿಟಕಿಯ ಕಡೆ ನೋಡುತ್ತ ಕೂರುವುದು ನನ್ನ ಪಾಡು. ಒಮ್ಮೆ ಒಬ್ಬ ಅಜ್ಜಿ, "ಯಾರಿಗೆ ಹಿಡದೀಯವ್ವಾ ಜಾಗ? ಗಂಡಗೇನು?" ಎಂದು ಕೇಳಿ ಇಡೀ ಬಸ್ಸನ್ನೇ ನಗಿಸಿದ್ದಳು. ಮಸ್ಕಿಯಲ್ಲಿ ಅವಳು ಹತ್ತಿದಾಗ ಅಜ್ಜಿ ಅವಳನ್ನು ಮೇಲಿಂದ ಕೆಳಗೆ ನೋಡಿ, "ಇಕಿನಾ? ಆತು ಬಿಡು" ಎಂದು ತಾನೇ ಸರಿದು ದಾರಿ ಬಿಟ್ಟಳು.

ಆಗ ನಾವು ಬಳಸುತ್ತಿದ್ದದ್ದು ಒಂದು ಹಳೆಯ ಡ್ರಾಯಿಂಗ್ ಸಾಫ್ಟ್‌ವೇರ್. ಮನೆಯ ಪ್ಲಾನಿಗೂ ಅದೇ, ಗೇಟಿನ ಡಿಸೈನಿಗೂ ಅದೇ. ಅದಕ್ಕೆ ಗೆರೆ ಎಂದರೆ ಬರೀ ಗೆರೆ. ಅದು ವೈರ್ ಎಂದು ಗೊತ್ತಿರಲಿಲ್ಲ. ಪ್ರತಿ ವೈರಿಗೂ ನಂಬರನ್ನು ನಾವೇ ಬರೆಯಬೇಕಿತ್ತು. ಆದ್ದರಿಂದ ಒಂದು ನಕ್ಷೆ ಮುಗಿದ ಮೇಲೆ ಪ್ರಿಂಟ್ ತೆಗೆದು ಇಬ್ಬರೂ ಎದುರುಬದುರು ಕೂರುತ್ತಿದ್ದೆವು. ಅವಳು ಓದುವಳು, ನಾನು ಬೆರಳಿಟ್ಟು ಹುಡುಕುವೆ. "ಇಪ್ಪತ್ನಾಕು?" "ಐತಿ." "ಇಪ್ಪತ್ತೈದು?" "ತಡಿ... ಐತಿ." ನಡುವೆ ಊರಿನ ಸುದ್ದಿ, ಅವಳ ಅಣ್ಣನ ಮಗಳ ಹಟ, ನಮ್ಮ ಅವ್ವನ ಮೊಣಕಾಲು ನೋವು ಎಲ್ಲ ಬಂದು ಹೋಗುತ್ತಿತ್ತು. ಆಗ ಅದು ಬೇಸರದ ಕೆಲಸವೆಂದೇ ಅಂದುಕೊಂಡಿದ್ದೆ.

ದಢೇಸುಗೂರಿನ ಕಡೆಯ ಒಂದು ಗಿರಣಿಗೆ ಪ್ಯಾನೆಲ್ ಕೂರಿಸಿದಾಗ ಆದದ್ದು ಎಲ್ಲವನ್ನೂ ಬದಲಿಸಿತು. ಅರ್ಧ ಕೆಲಸ ಆದ ಮೇಲೆ ಗಿರಣಿಯವರು ಇನ್ನೊಂದು ಮೋಟಾರ್ ಸೇರಿಸಿ ಎಂದರು. ಒಂದು ಪುಟದಲ್ಲಿ ತಿದ್ದಿದ್ದು ಇನ್ನೊಂದು ಪುಟಕ್ಕೆ ಬರಲಿಲ್ಲ. ಟ್ರಯಲ್ ದಿನ ನಾವಿಬ್ಬರೂ ಹೋಗಿ ನಿಂತಿದ್ದೆವು. ಭತ್ತ ಮೇಲಕ್ಕೆತ್ತುವ ಎಲಿವೇಟರಿನ ಗುಂಡಿ ಒತ್ತಿದರೆ ಹೊಟ್ಟು ಊದುವ ಫ್ಯಾನ್ ಓಡಿತು. ಅದರ ಪೈಪನ್ನು ಇನ್ನೂ ಜೋಡಿಸಿರಲಿಲ್ಲ. ಫ್ಯಾನಿನೊಳಗೆ ಉಳಿದಿದ್ದ ಹೊಟ್ಟೆಲ್ಲ ಬುಸ್ಸೆಂದು ನಮ್ಮ ಮೇಲೆ ಬಂತು. ಗಿರಣಿಯ ಮಾಲೀಕರು ಕಣ್ಣು ಒರೆಸಿಕೊಳ್ಳುತ್ತ, "ಏನ್ರವಾ, ಮಷೀನು ನಿಮಗ ಅಕ್ಷತಾ ಹಾಕ್ಯಾದ ನೋಡ್ರಿ" ಎಂದರು. ಅವರು ದೊಡ್ಡ ಮನಸ್ಸಿನವರು. ಸಂಜೆಯೊಳಗೆ ಸರಿಮಾಡಿಕೊಟ್ಟೆವು. ವಾಪಸು ಬರುವಾಗ ಕಾಲುವೆಯ ದಂಡೆಯ ಮೇಲೆ ನಿಂತು ಒಬ್ಬರ ಕೂದಲಿನಿಂದ ಒಬ್ಬರು ಹೊಟ್ಟು ಹೆಕ್ಕಿದೆವು. ನಗು ತಡೆಯಲಾಗದೆ ಅವಳು ಅಲ್ಲೇ ಕುಕ್ಕರಿಸಿಬಿಟ್ಟಳು.

ಮರುದಿನ ನಮ್ಮ ವರ್ಕ್‌ಶಾಪಿನ ಮಾಲೀಕರು ಮೇಲೆ ಬಂದರು. "ನೋಡ್ರವಾ, ಈ ಹಳೇದು ಸಾಕು. ಬರೇ ಕರೆಂಟಿನ ಕೆಲಸಕ್ಕಂತ ಮಾಡಿದ್ದು ಏನೇನೋ ಬಂದಾವಂತ. ನೀವಿಬ್ರೂ ಕುಂತು ನೋಡಿ ಒಂದು ಆರಿಸ್ರಿ. ದಿನಾ ಅದರ ಜೋಡಿ ಬಾಳೇ ಮಾಡೋರು ನೀವು, ನಾನಲ್ಲ."

ಮೂರನ್ನು ಪರೀಕ್ಷೆಗೆ ಇಳಿಸಿಕೊಂಡೆವು. ಒಂದು ನಮ್ಮ ಹಳೆಯದರದೇ ಹೊಸ ರೂಪ. ಇನ್ನೊಂದು ವರ್ಷವರ್ಷವೂ ದುಡ್ಡು ಕಟ್ಟಬೇಕಾದದ್ದು, ಬಹಳ ಚಂದದ್ದು. ಮೂರನೆಯದು ಆಸಕ್ತರು ಕೂಡಿ ಮಾಡಿ ಎಲ್ಲರಿಗೂ ಪುಕ್ಕಟೆ ಬಿಟ್ಟದ್ದು. ನಾನು ಬಣ್ಣ, ಮೆನು, ಓಡುವ ವೇಗ ನೋಡುತ್ತ ಕೂತಿದ್ದೆ. ಅವಳು ನನ್ನ ಕೈಯಿಂದ ಮೌಸ್ ಕಿತ್ತುಕೊಂಡಳು.

"ಚಂದ ಕಾಣೂದು ಆಮ್ಯಾಲೆ ನೋಡೂಣು. ನಾವು ತಪ್ಪು ಮಾಡಿದ್ರ ಬಾಯಿ ಬಿಟ್ಟು ಹೇಳತೈತೇನು, ಅದು ನೋಡು ಮೊದಲ."

ದಢೇಸುಗೂರಿನ ಗಿರಣಿಯ ಅದೇ ನಕ್ಷೆಯನ್ನು ಮೂರರಲ್ಲೂ ಬಿಡಿಸಿದೆವು. ಬೇಕೆಂತಲೇ ಎರಡು ವೈರಿಗೆ ಒಂದೇ ನಂಬರ್ ಕೊಟ್ಟೆವು, ಒಂದು ಪುಟದಲ್ಲಿ ಸ್ವಿಚ್ ಅಳಿಸಿ ಇನ್ನೊಂದರಲ್ಲಿ ಹಾಗೇ ಬಿಟ್ಟೆವು. ಮೊದಲನೆಯದು ಏನೂ ಆಗಿಲ್ಲವೆಂಬಂತೆ ಸುಮ್ಮನಿತ್ತು. ದುಡ್ಡಿನದು ತಕ್ಷಣ ಕೆಂಪು ಗುರುತು ತೋರಿಸಿತು. ಪುಕ್ಕಟೆಯದೂ ತೋರಿಸಿತು, ಆದರೆ ನಾವು ಹೋಗಿ ಕೇಳಿದಾಗ ಮಾತ್ರ. ನಮಗೆ ಬೇಕಾದ ಚಿಹ್ನೆಗಳೂ ಅದರಲ್ಲಿ ಕಡಿಮೆ. ನನ್ನ ಮನಸ್ಸು ದುಡ್ಡಿನದರ ಮೇಲೆ ಕೂತುಬಿಟ್ಟಿತು. ಅವಳಿಗೆ ಪುಕ್ಕಟೆಯದೇ ಬೇಕಿತ್ತು. ಚಿಹ್ನೆ ನಾವೇ ಮಾಡಿಕೊಳ್ಳಬಹುದು, ಗಿರಣಿಯಲ್ಲಿ ಕೆಲಸ ಮಾಡುವವರು ಓದಲೆಂದು ಹೆಸರುಗಳನ್ನು ಕನ್ನಡದಲ್ಲಿ ಬರೆಯಬಹುದು ಎಂಬುದು ಅವಳ ವಾದ.

ಸಿಂಧನೂರಿನಿಂದ ಮಸ್ಕಿಯವರೆಗೆ ಒಂದು ಸಂಜೆ ಮಾತೇ ಆಡಲಿಲ್ಲ. ಅವಳು ತಿರುಗಿಯೂ ನೋಡದೆ ಇಳಿದುಹೋದಳು. ಬೆಳಿಗ್ಗೆ ಹತ್ತಿದವಳು ಡಬ್ಬಿ ತೆರೆದು ನನ್ನ ಮಡಿಲಲ್ಲಿಟ್ಟಳು. ಬಿಸಿ ರೊಟ್ಟಿ, ಶೇಂಗಾ ಚಟ್ನಿ. "ತಿನ್ನು. ಆಮ್ಯಾಲೆ ಜಗಳಾಡೂಣು."

ಕನ್ನಡವೇನೂ ಸುಲಭಕ್ಕೆ ಕೂರಲಿಲ್ಲ. ಮೊದಲ ಪ್ರಿಂಟಿನಲ್ಲಿ ಒತ್ತಕ್ಷರಗಳೆಲ್ಲ ಕಳಚಿ, ಅಕ್ಕಿ ಎಂಬುದು 'ಅಕ್‌ಕಿ' ಎಂದು ಒಡೆದು ನಿಂತಿತ್ತು. "ಅಕ್ಕಿ ನುಚ್ಚಾತು ನೋಡ ಬೇ!" ಎಂದು ಅವಳು ಕೂಗಿದ್ದು ಕೆಳಗಿನವರಿಗೂ ಕೇಳಿಸಿತು. ಮಧ್ಯಾಹ್ನವೆಲ್ಲ ಒಂದೊಂದೇ ಫಾಂಟ್ ಹಾಕಿ ನೋಡಿ, ಕೊನೆಗೆ ಒತ್ತನ್ನು ಹಿಡಿದಿಟ್ಟುಕೊಳ್ಳುವುದೊಂದನ್ನು ಹುಡುಕಿದಳು.

ನಾನು ಸೋತದ್ದು ಅದಕ್ಕಲ್ಲ. ದುಡ್ಡಿನದರ ಪರೀಕ್ಷೆಯ ಅವಧಿ ಮುಗಿದ ದಿನ, ನಾವು ಕಷ್ಟಪಟ್ಟು ಬಿಡಿಸಿದ ನಕ್ಷೆಯನ್ನು ನೋಡಬಹುದಿತ್ತೇ ಹೊರತು ತಿದ್ದಲು ಆಗುತ್ತಿರಲಿಲ್ಲ. ಅವಳು ಗೆದ್ದವಳಂತೆ ಹಿಗ್ಗಲಿಲ್ಲ, ಮೆಲ್ಲಗೆ ಹೇಳಿದಳು: "ನಮ್ಮ ಮನಿ ಚಾವಿ ಮಂದಿ ಕೈಯಾಗ ಇದ್ದಂಗಾತಲ್ಲ ಬೇ." ನಾನು ಆಯಿತು ಎಂದೆ. ಮಾಲೀಕರೂ ಒಪ್ಪಿದರು.

ಆ ಬೇಸಿಗೆ ಕಾಲುವೆಯ ನೀರು ನಿಂತು, ಗಿರಣಿಗಳ ಕೆಲಸ ಕಡಿಮೆಯಾಗಿತ್ತು. ನಾವು ಕೂತು ಚಿಹ್ನೆಗಳನ್ನು ಮಾಡಿದೆವು. ಸ್ಟಾರ್ಟರ್, ರಿಲೇ, ತೇವಾಂಶ ಅಳೆಯುವ ಸಾಧನ, ಭತ್ತದ ತೊಟ್ಟಿ ತುಂಬಿದಾಗ ಹೊಡೆದುಕೊಳ್ಳುವ ಗಂಟೆ. ಗಂಟೆಯ ಚಿಹ್ನೆಯನ್ನು ಅವಳು ಎಷ್ಟು ಮುದ್ದಾಗಿ ಬಿಡಿಸಿದ್ದಳೆಂದರೆ, ಬೇಡದ ಕಡೆಯೂ ಒಂದು ಹಾಕಬೇಕೆನ್ನಿಸುತ್ತಿತ್ತು. ಒಂದು ಭಾನುವಾರ ಅವಳ ಮನೆಗೂ ಹೋಗಿದ್ದೆ. ಅವಳ ಅಪ್ಪ ಮೇಷ್ಟ್ರು. ಬುದ್ಧನ ಪಟದ ಕೆಳಗೆ ಕೂತು ನಮ್ಮ ಪ್ರಿಂಟುಗಳನ್ನು ಒಂದೊಂದಾಗಿ ತಿರುವಿ, ಕನ್ನಡದ ಹೆಸರುಗಳನ್ನು ಗಟ್ಟಿಯಾಗಿ ಓದಿದರು. ಮಗಳು ನಾಚಿಕೊಂಡು ಒಳಗೆ ಹೋದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಸಂಜೆ, ಸಿಂಧನೂರಿನ ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತ ಹೇಳಿದಳು.

"ಹಟ್ಟಿಯಾಗ ಕೆಲಸ ಆತು. ಚಿನ್ನದ ಗಣಿ ಎಲೆಕ್ಟ್ರಿಕಲ್ ಸೆಕ್ಷನ್ನಿನ್ಯಾಗ. ಪರ್ಮನೆಂಟು." ಕಪ್ಪು ಕೆಳಗಿಟ್ಟು, "ನೀ ಏನಂತಿ?"

"ನಾ ಏನನ್ಲಿ? ಹೋಗು ಬೇ. ಇಂಥಾದ್ದು ಬಿಡ್ತಾರೇನು?"

ಮನಸಾರೆ ಹೇಳಿದ ಮಾತೇ ಅದು. ಹೇಳಿ ಮುಗಿಸಿ, ಚಹಾದ ದುಡ್ಡು ಕೊಡುವ ನೆಪದಲ್ಲಿ ಮುಖ ತಿರುಗಿಸಿದೆ. ಅವಳೂ ಆ ಕಡೆ ತಿರುಗಿ, ಬಂದ ಬಸ್ಸುಗಳ ಬೋರ್ಡು ಓದುತ್ತ ನಿಂತಳು.

ಅವಳ ಜಾಗಕ್ಕೆ ಯಾರನ್ನೂ ತೆಗೆದುಕೊಳ್ಳಲಿಲ್ಲ. ಬೇಕಾಗಲಿಲ್ಲ. ನಾವು ಆರಿಸಿದ ಸಾಫ್ಟ್‌ವೇರ್ ವೈರುಗಳ ನಂಬರನ್ನು ತಾನೇ ಹಾಕುತ್ತದೆ, ಕೇಳಿದರೆ ತಪ್ಪನ್ನೂ ಹುಡುಕಿಕೊಡುತ್ತದೆ. ಎದುರು ಕೂತು ಓದಿ ಹೇಳುವವರು ಬೇಕಿಲ್ಲ. ಒಮ್ಮೆ ಸುಮ್ಮನೆ ಪ್ರಿಂಟ್ ತೆಗೆದು, "ಇಪ್ಪತ್ನಾಕು?" ಎಂದು ಗಟ್ಟಿಯಾಗಿಯೇ ಅಂದೆ. ಕೆಳಗಿನಿಂದ ವೈರ್‌ಮನ್, "ಏನ್ರಿ ಅಕ್ಕಾರ, ಕರದ್ರೇನು?" ಎಂದ. ಏನಿಲ್ಲ ಎಂದೆ.

ಹಟ್ಟಿ ದೂರವಲ್ಲ. ನಾನು ದಿನಾ ಹೋಗುವ ಸಿಂಧನೂರಿಗಿಂತ ಲಿಂಗಸುಗೂರಿಗೆ ಅದೇ ಹತ್ತಿರ, ಆದರೆ ಇನ್ನೊಂದು ದಿಕ್ಕು. ಅವಳಿಗೆ ವಾರಕ್ಕೊಂದು ಪಾಳಿ. ನನಗೆ ರಜೆ ಇದ್ದಾಗ ಅವಳಿಗೆ ಕೆಲಸ, ಅವಳ ರಜೆಗೆ ನನ್ನ ಗಿರಣಿಗಳು. ಕೊನೆಗೆ ಮೊನ್ನೆ ಒಂದು ಭಾನುವಾರ ಹೋದೆ. ಬೆಳಗಿನ ಪಾಳಿ ಮುಗಿಸಿ ಆಗಷ್ಟೇ ಬಂದಿದ್ದಳು. ಕಂಪನಿ ಕ್ವಾರ್ಟರ್ಸಿನ ಸಣ್ಣ ಮನೆ, ಬಾಗಿಲ ಹೊರಗೆ ಕೆಂಪು ಧೂಳಿನ ಬೂಟು. ತೆಳ್ಳಗಾಗಿದ್ದಳು. ನನ್ನನ್ನು ಕಂಡು ಬಾಗಿಲಲ್ಲೇ ತಬ್ಬಿಕೊಂಡಳು.

ಚಹಾ ಮಾಡಿದಳು. ಅಲ್ಲಿ ಎಲ್ಲವೂ ದೊಡ್ಡದಂತೆ. ಮಂದಿಯನ್ನು ಗಣಿಗೆ ಇಳಿಸಿ ಎತ್ತುವ ಯಂತ್ರದ ನಕ್ಷೆಯೇ ಒಂದು ಪುಸ್ತಕದಷ್ಟಂತೆ. "ಅದನ್ನ ನೋಡಿದಾಗೆಲ್ಲ ನಿನ್ನ ನೆನಪು ಬರ್ತೈತಿ. ನೀ ಇದ್ರ ಒಂದ ದಿನದಾಗ..." ಎಂದು ಮಂಚದ ಮೇಲೆ ಗೋಡೆಗೆ ಒರಗಿದಳು. "ನಿನಗೊಂದು ಹೇಳೂದೈತಿ, ತಡಿ..." ಎಂದು ಕಣ್ಣು ಮುಚ್ಚಿದವಳು ಹಾಗೇ ನಿದ್ದೆ ಹೋದಳು.

ಎಬ್ಬಿಸಲು ಕೈ ಚಾಚಿದೆ, ಮನಸ್ಸು ಬರಲಿಲ್ಲ. ತಲೆಯ ಕೆಳಗೆ ದಿಂಬು ಸರಿಸಿ, ಕಪ್ಪು ತೊಳೆದಿಟ್ಟು, ಕಡೆಯ ಬಸ್ಸಿನ ಹೊತ್ತಾಗುವವರೆಗೆ ಎದುರಿನ ಕುರ್ಚಿಯಲ್ಲಿ ಕೂತು ಅವಳ ಮುಖ ನೋಡಿದೆ. ಆಮೇಲೆ ಬಾಗಿಲು ಮುಂದೆ ಮಾಡಿಕೊಂಡು ಬಂದುಬಿಟ್ಟೆ.

ಬಸ್ಸಿನಲ್ಲಿರುವಾಗಲೇ ಫೋನ್ ಬಂತು. ಅಳುತ್ತಿದ್ದಾಳೋ ಸಿಟ್ಟಾಗಿದ್ದಾಳೋ ತಿಳಿಯಲಿಲ್ಲ.

"ಎಬ್ಬಸ್ಬೇಕಿಲ್ಲೇನ ಬೇ? ಇಷ್ಟು ದಿನಕ್ಕ ಬಂದು ಹಿಂಗ ಹೋಗ್ತಾರೇನು?"

"ದಣದಿದ್ದಿ. ಇರ್ಲಿ ಬಿಡು. ಏನೋ ಹೇಳೂದೈತಿ ಅಂದಿದ್ದೆಲ್ಲ, ಏನದು?"

ಆ ಕಡೆ ಅವಳು ಬಾಗಿಲು ಹಾಕಿದ ಸದ್ದಾಯಿತು.

"ಫೋನಿನ್ಯಾಗ ಹೇಳೂವಂಥಾದ್ದಲ್ಲ. ಬಾ ಮತ್ತ, ಬಂದಾಗ ಹೇಳ್ತೀನಿ."

ಬರುವ ವಾರ ಅವಳಿಗೆ ಮಧ್ಯಾಹ್ನದ ಪಾಳಿ. ಅದರ ಮುಂದಿನದು ಇನ್ನೂ ಗೊತ್ತಾಗಿಲ್ಲ. ಗೊತ್ತಾದ ಕೂಡಲೇ ತಿಳಿಸುತ್ತೇನೆ ಎಂದಿದ್ದಾಳೆ.