ಮಾವ ಮೇಷ್ಟ್ರಿಗೆ ಹೇಳಿದ್ದೇನು

ವಿನ್ಯಾಸ ಪದವಿಯ ಎರಡನೇ ವರ್ಷ ಮುಗಿಯುತ್ತಾ ಬಂದಾಗ ನಮ್ಮೆಲ್ಲರಿಗೂ ಒಂದು ಫಾರಂ ಕೊಟ್ಟರು. ಉಳಿದ ಎರಡು ವರ್ಷ ಯಾವ ವಿಭಾಗದಲ್ಲಿ ಓದುತ್ತೀರಿ ಎಂದು ಬರೆಯಬೇಕು: ಗ್ರಾಫಿಕ್, ಪ್ರಾಡಕ್ಟ್, ಇಲ್ಲವೇ ಕರಕುಶಲ. ನನ್ನದು ಗ್ರಾಫಿಕ್ ಎಂದು ನಾನು ಯಾವತ್ತೋ ನಿಶ್ಚಯಿಸಿಕೊಂಡಿದ್ದೆ. ಅಕ್ಷರ ಬರೆಯುವುದರಲ್ಲಿ, ಪುಟ ಕಟ್ಟುವುದರಲ್ಲಿ ನನಗೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ.

ಒಂದು ದಿನ ಕರಕುಶಲ ವಿಭಾಗದ ಮೇಷ್ಟ್ರು ನನ್ನನ್ನು ಕರೆಸಿದರು.

“ನಿಮ್ಮ ತಾಯಿಯ ತವರು ಸೊರಬ ಅಲ್ವೇನ್ರೀ? ಕೆತ್ತನೆಯ ಊರು. ನಮ್ಮ ವಿಭಾಗಕ್ಕೆ ಬನ್ನಿ.”

ನಾನು ಶಿಕಾರಿಪುರದವಳು. ಕಾಲೇಜಿನ ದಾಖಲೆಗಳಲ್ಲಿ ಇದ್ದದ್ದೂ ಅಷ್ಟೇ. ಸೊರಬದಲ್ಲಿ ನನ್ನ ಸೋದರಮಾವ ಮರ ಕೆತ್ತುತ್ತಾರೆ ಎಂದು ಅಲ್ಲಿ ಯಾರಿಗೂ ಹೇಳಿರಲಿಲ್ಲ. ಇವರಿಗೆ ಹೇಗೆ ತಿಳಿಯಿತು? ಹಾಸ್ಟೆಲಿನಲ್ಲಿ ಇದನ್ನು ಹೇಳಿದಾಗ ನನ್ನ ರೂಮಿನ ಸೀನಿಯರ್ ನಕ್ಕುಬಿಟ್ಟಳು. “ಆ ವಿಭಾಗಕ್ಕೆ ಯಾರೂ ಸೇರಲ್ಲ ಕಣೇ. ಸೇರದಿದ್ರೆ ಮುಚ್ತಾರೆ. ಅದಕ್ಕೇ ಕೆತ್ತನೆ ಊರ ಕಡೆಯವರನ್ನ ಹುಡುಕಿ ಕರೀತಾರೆ.”

ಆ ವಾರ ಊರಿಗೆ ಹೋದೆ. ಹೈಸ್ಕೂಲಿನಲ್ಲಿ ಗುಮಾಸ್ತರಾಗಿರುವ ಅಪ್ಪ ಊಟ ಮಾಡುತ್ತಾ, “ಕರಕುಶಲ ಚಲೋ ಐತಂತಲ್ಲವ್ವಾ?” ಎಂದರು.

ಆ ಪದವನ್ನು ನಾನು ಮನೆಯಲ್ಲಿ ಎತ್ತಿಯೇ ಇರಲಿಲ್ಲ.

“ಯಾರು ಹೇಳಿದ್ರು?”

“ಯಾರೋ ಅಂದ್ರು” ಎಂದು ಅಪ್ಪ ಮಜ್ಜಿಗೆ ಕೇಳಿದರು. ಅಮ್ಮ ನನ್ನ ಮುಖ ನೋಡಲಿಲ್ಲ.

ಮಾವನನ್ನೇ ಕೇಳೋಣ ಎಂದು ಮರುದಿನ ಬೆಳಿಗ್ಗೆಯೇ ಸೊರಬದ ಬಸ್ಸು ಹತ್ತಿದೆ. ಮಾವ ಜಗಲಿಯಲ್ಲಿ ಕೂತು ಶಿವನಿ ಮರದ ದೇವರ ಮಂಟಪಕ್ಕೆ ಹೂವಿನ ಸಾಲು ಕೆತ್ತುತ್ತಿದ್ದರು. ಪಕ್ಕದ ಕಿಟಕಿಯಲ್ಲಿ ನಮ್ಮ ಕಾಲೇಜಿನ ಹೆಸರಿದ್ದ ಒಂದು ನೋಟ್‌ಬುಕ್ ಕಂಡಿತು.

“ಇದು ಯಾರದು ಮಾವ?”

“ನಿಮ್ಮ ಮೇಷ್ಟ್ರದ್ದು. ತಿಂಗಳ ಹಿಂದೆ ನಮ್ಮ ಕೆಲಸ ನೋಡೋಕೆ ಬಂದಿದ್ರು, ಬಿಟ್ಟು ಹೋದ್ರು. ನಮ್ಮ ಅಕ್ಕನ ಮಗಳು ನಿಮ್ಮಲ್ಲೇ ಓದ್ತಾಳೆ ಅಂತ ನಾನೇ ಹೇಳ್ದೆ.”

“ಹಾಗಾದ್ರೆ ನೀನೂ ಅವರೂ ಸೇರಿ ನನ್ನನ್ನ ಅಲ್ಲಿಗೆ ಹಾಕ್ಬೇಕು ಅಂತ ಮಾತಾಡ್ಕೊಂಡ್ರಾ?”

ಮಾವ ಉಳಿಯನ್ನು ಕೆಳಗಿಟ್ಟರು. “ಇಲ್ಲ ಮಾರಾಯ್ತಿ. ಅವರು ಕೇಳಿದಾಗ ಬೇಡ ಅಂದಿದ್ದೆ. ಅವಳಿಗೆ ಕೆತ್ತೋ ಕೈ ಇಲ್ಲ ಅಂತ ಹೇಳಿದ್ದೆ.”

ಬೇಡವಾದ ವಿಭಾಗವೇ ಆಗಿದ್ದರೂ ಆ ಮಾತು ಚುಚ್ಚಿತು. ಉಳಿ ಎತ್ತಿಕೊಂಡು, ಅವರು ಗುರುತು ಹಾಕಿದ್ದ ಒಂದು ಎಸಳಿನ ಮೇಲೆ ಇಟ್ಟು ಹೊಡೆದೆ. ಎಸಳಿನ ತುದಿ ಹಾರಿಹೋಯಿತು. ಮಾವ ಬೈಯಲಿಲ್ಲ. ಮರದ ಪುಡಿಯನ್ನು ಅಂಟಿನಲ್ಲಿ ಕಲಸಿ ಮುರಿದ ಜಾಗಕ್ಕೆ ಒತ್ತಿದರು.

“ಕಣ್ಣಿದೆ ನಿಂಗೆ. ಎಲ್ಲಿ ಕೆಟ್ಟಿದೆ ಅಂತ ನನಗಿಂತ ಮೊದಲು ಗೊತ್ತಾಗುತ್ತೆ. ಅದನ್ನೂ ಹೇಳಿದ್ದೆ” ಎಂದರು. ಅಂಟಿನ ಕೈ ಒರೆಸಿಕೊಳ್ಳುತ್ತಾ, “ಮೇಷ್ಟ್ರು ಭಾವನ ನಂಬರ್ ಕೇಳಿದ್ರು, ಕೊಟ್ಟೆ. ಅದು ತಪ್ಪಾಯ್ತು” ಎಂದೂ ಸೇರಿಸಿದರು.

ಕಾಲೇಜಿಗೆ ಮರಳಿದವಳೇ ಮೇಷ್ಟ್ರ ಕೋಣೆಗೆ ಹೋದೆ.

“ಸರ್, ವಿಭಾಗ ಉಳಿಯೋಕೆ ಇನ್ನೂ ಎಷ್ಟು ಜನ ಬೇಕು?”

ಅವರು ಕನ್ನಡಕ ತೆಗೆದು ಒರೆಸಿದರು. “ಇನ್ನಿಬ್ಬರು.”

“ನನಗೆ ಕೈ ಇಲ್ಲ ಅಂತ ಮಾವ ಹೇಳಿದ್ರಂತೆ.”

“ಹೇಳಿದ್ರು. ನಿಮ್ಮನ್ನ ಕೆತ್ತೋಕೆ ಕರೀಲಿಲ್ಲ. ಕೆತ್ತೋರ ಜೊತೆ ಕೂತು ಮಾತಾಡೋರು ನಮಗೆ ಬೇಕಿತ್ತು.”

ಅದು ನಿಜವಿರಬಹುದು. ಆ ಕ್ಷಣಕ್ಕೆ ಹೊಳೆದ ಉತ್ತರವೂ ಇರಬಹುದು. ಅವರ ಮುಖ ನೋಡಿ ನನಗೆ ಏನೂ ಗೊತ್ತಾಗಲಿಲ್ಲ. ಆ ಸಂಜೆಯೇ ಗ್ರಾಫಿಕ್ ಎಂದು ಬರೆದು ಫಾರಂ ಕೊಟ್ಟೆ. ಆ ವರ್ಷ ಕರಕುಶಲ ವಿಭಾಗ ನಡೆಯಲಿಲ್ಲ. ಮೇಷ್ಟ್ರಿಗೆ ಮೊದಲ ವರ್ಷದವರ ಕ್ಲಾಸು ಕೊಟ್ಟರು. ಎದುರಿಗೆ ಸಿಕ್ಕಾಗ ಅವರೇ ಮೊದಲು ನಮಸ್ಕಾರ ಹೇಳುತ್ತಿದ್ದರು. ನನಗೆ ಮುಜುಗರವಾಗುತ್ತಿತ್ತು. ನಾನು ಸೇರಿದ್ದರೆ ಇನ್ನೊಬ್ಬರೂ ಸಿಗುತ್ತಿದ್ದರೇನೋ ಎಂದು ಎಷ್ಟೋ ದಿನ ಅನ್ನಿಸಿತು.

ರಜೆಯಲ್ಲಿ ಅಪ್ಪನನ್ನು ಕೇಳಿದೆ. “ಫೋನ್ ಮಾಡಿದ್ದು ಮೇಷ್ಟ್ರು ಅಂತ ಅವತ್ತು ಯಾಕೆ ಹೇಳ್ಲಿಲ್ಲ?”

ಅಪ್ಪ ತಲೆ ತಗ್ಗಿಸಿದರು. “ಹುಡುಗಿಗೆ ಹೇಳ್ಬ್ಯಾಡ್ರಿ ಅಂದಿದ್ರವ್ವಾ ಅವರು.”

ನನಗೆ ತಿಳಿಯದಂತೆ ಮನೆಯವರಿಂದ ಹೇಳಿಸಲು ನೋಡಿದ್ದರು. ಸೇರಲಿಲ್ಲವಲ್ಲ ಎಂದು ಅಲ್ಲಿಯವರೆಗೂ ಉಳಿದಿದ್ದ ಅಳುಕು ಆ ಮಾತಿಗೆ ಹೋಯಿತು.